ಮೀನಿಗೆ ಸುಳ್ಳು ಮಳೆ ಸುರಿಸಿದ ಮಾವ

ನಮ್ಮ ಮಾವನವರು ಮಾಡಿಸಿರುವಷ್ಟು ಹೆರಿಗೆಯನ್ನು ಜಯನಗರದ ಡಾಕ್ಟರುಗಳೆಲ್ಲ ಸೇರಿದರೂ ಮಾಡಿಸಿಲ್ಲ! ಆದರೂ ಬಾಣಂತಿಯರ ಪೈಕಿ ಒಬ್ಬಳೂ ಬಂದು ಥ್ಯಾಂಕ್ಸ್ ಹೇಳಿದ್ದಿಲ್ಲ. ಹೇಳುವುದಾದರೂ ಹೇಗೆ? ಎಲ್ಲವೂ ಮೀನುಗಳು.

ನಿವೃತ್ತಿಯವರೆಗೂ ಅವರು ಸರ್ಕಾರಿ ಮೀನುಮರಿ ಕೇಂದ್ರದಲ್ಲಿದ್ದರು. ನಮ್ಮದೋ ಲಿಂಗಾಯತರ ಮನೆ. ಮೊಟ್ಟೆ ಹಾಕಿದ ಕೇಕಿಗೂ ಹೊಸಿಲಾಚೆಯೇ ಜಾಗ. ಮಾವನವರು ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ನೇರ ಹೋಗಿ ಕಾಟ್ಲಾ ಮೀನಿಗೆ ಇಂಜೆಕ್ಷನ್ ಚುಚ್ಚುತ್ತಿದ್ದರು. ಹೊಳೆಯ ಮೀನು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲವಂತೆ. ಅದಕ್ಕೆ ಮಳೆ ಬೇಕು, ಹರಿಯುವ ನೀರು ಬೇಕು. ಆದ್ದರಿಂದ ಹಾರ್ಮೋನು ಚುಚ್ಚಿ, ನೀರು ಗಿರಗಿರ ಸುತ್ತುವ ತೊಟ್ಟಿಗೆ ಬಿಟ್ಟು, ಮೇಲಿನಿಂದ ಶವರ್ ತಿರುಗಿಸಿ ಸುಳ್ಳು ಮಳೆ ಸುರಿಸುವುದು! ಪಾಪ, ಮೀನು ನಂಬಿಬಿಡುತ್ತದೆ.

"ಮೀನಿಗಷ್ಟೇ ಅಲ್ಲ, ನಮ್ಮಪ್ಪಂಗೂ ಹಂಗೇ ಮಾಡಿದ್ರು" ಎಂದು ನಮ್ಮತ್ತೆ ಇವತ್ತಿಗೂ ಗೊಣಗುತ್ತಾರೆ. "ಸರ್ಕಾರಿ ಕೆಲಸ ಅಂದ್ರು. ಏನ್ ಕೆಲಸ ಅಂತ ತಾಳಿ ಕಟ್ಟೋವರ್ಗೂ ಬಾಯಿ ಬಿಡ್ಲಿಲ್ಲ!"

ಆಮೇಲೆ ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ. ನಾಲ್ಕು ಜನ ಸೇರಿದಲ್ಲೆಲ್ಲ ಮೀನಿನ ಬಸಿರು, ಮೀನಿನ ಹೆರಿಗೆ. ಕೇಳುವವರಿಗೆ ತಮಾಷೆ, ನನಗೆ ಪ್ರಾಣಸಂಕಟ. ಯಾಕೆ ಅಂತೀರಾ? ಮದುವೆಯಾಗಿ ಇಷ್ಟು ವರ್ಷವಾದರೂ ನಮಗೆ ಮಕ್ಕಳಾಗಿಲ್ಲ. ಕ್ಲಿನಿಕ್ಕಿಗೆ ಅಲೆದು ನಾನೂ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದೇನೆ. ಯಾರಾದರೂ "ಏನಮ್ಮ, ವಿಶೇಷ?" ಎಂದಾಗ ಮಾವನವರು ಶುರು ಹಚ್ಚಿಕೊಂಡರೆ ನನ್ನ ಗತಿ? ಕಾಟ್ಲಾ, ರೋಹು, ಆಮೇಲೆ ನಾನು!

ನನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬನಶಂಕರಿಯ ಛತ್ರವೊಂದರಲ್ಲಿ ಅತ್ತೆಯ ತಂಗಿಯ ಮಗಳ ನಿಶ್ಚಿತಾರ್ಥ. ಗಂಡು ಮೀನಿನ ಎದೆಯ ರೆಕ್ಕೆ ಸವರಿದರೆ ಒರಟು, ಹೆಣ್ಣಿನದು ನುಣುಪು; ಮೀನುಮರಿ ಕೇಂದ್ರದಲ್ಲಿ ಹಾಗೆಯೇ ಗುರುತು ಹಿಡಿಯುವುದಂತೆ. ಹಿಡಿಯಲಿ ಬಿಡಿ! ಮಾವನವರು ಮದುಮಗನ ಕೈ ಕುಲುಕುವ ನೆಪದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ, "ಅಯ್ಯೋ, ಪೂರಾ ನುಣ್ಣಗಿದೆಯಲ್ಲಪ್ಪಾ!" ಎಂದುಬಿಟ್ಟರು. ಅರ್ಥ ಗೊತ್ತಿದ್ದ ನಾವೆಲ್ಲ ಚಾವಣಿ ನೋಡತೊಡಗಿದೆವು. ಆ ಹುಡುಗ ನಾಚಿಕೊಂಡು, "ಫೋಟೋಗೆ ಅಂತ ಕ್ರೀಮ್ ಹಚ್ಚಿದ್ರು ಅಂಕಲ್" ಎಂದ.

ಇನ್ನೊಮ್ಮೆ, ಮೊದಲ ಮಳೆಯ ಮರುದಿನ ಬೆಳಿಗ್ಗೆ, ಪುಟ್ಟೇನಹಳ್ಳಿ ಕೆರೆಯ ಬಳಿ ನಗೆಕೂಟದವರು ಕೈ ಮೇಲೆತ್ತಿ ಹಹ್ಹಾ ಎನ್ನುತ್ತಿದ್ದರು. ಮಾವನವರು ಓಡಿಹೋಗಿ ತಡೆದರು.

"ಸಾರ್, ಸ್ವಲ್ಪ ಹೊತ್ತು ನಗ್ಬೇಡಿ. ಹೆರಿಗೆ ಆಗ್ತಿದೆ!"

"ಅಯ್ಯೋ, ಯಾರಿಗೆ? ಆಂಬುಲೆನ್ಸ್ ಕರೀಲಾ?"

"ಗೆಂಡೆ ಮೀನಿಗೆ. ನೋಡಿ, ಆ ಜೊಂಡಿಗೆ ಮೊಟ್ಟೆ ಅಂಟಿಸ್ತಿದೆ."

ಆವತ್ತು ಅವರು ನಕ್ಕ ನಗುವಿಗೆ ಮೀನಿರಲಿ, ಆಚೆ ದಡದ ಕೊಕ್ಕರೆಗಳೂ ಎದ್ದು ಹಾರಿಹೋದವು.

ಕೊನೆಗೆ ನಾನು ಹೆದರಿದ್ದ ದಿನ ಬಂದೇ ಬಂತು. ಹುಳಿಮಾವಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಒಂದು ಪಕ್ಕ ಮಾವನವರು, ಎದುರಿಗೆ ಅವರ ಅಕ್ಕ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಅಕ್ಕ ದನಿ ಏರಿಸಿದರು.

"ಏನಮ್ಮ, ಇನ್ನೂ ವಿಶೇಷ ಇಲ್ವಾ? ತೊಂದರೆ ನಿನ್ನಲ್ಲೇನಾ?" ಅವರು ತಮ್ಮನ ಕಡೆ ತಿರುಗಿದರು. "ಊರಲ್ಲಿರೋ ಮೀನಿಗೆಲ್ಲ ಮರಿ ಮಾಡಿಸ್ದೆ. ನಿನ್ನ ಸೊಸೆಗೆ ಒಂದು ದಾರಿ ಕಾಣಿಸ್ಲಿಲ್ವಲ್ಲೋ!"

ಪಂಕ್ತಿಯೆಲ್ಲ ಕಿವಿಯಾಯಿತು. ಮಾವನವರು ಎಲೆಯಿಂದ ಕೈ ತೆಗೆದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಅಕ್ಕ, ಮೀನು ಮೊಟ್ಟೆ ಇಡದಿದ್ರೆ ನಾವು ನೀರು ಸರಿ ಇದೆಯಾ ಅಂತ ನೋಡ್ತಿದ್ವಿ. ತೊಟ್ಟಿಗೆ ಇಣುಕೋರನ್ನ ಆಚೆ ಕಳಿಸ್ತಿದ್ವಿ. ಮೀನನ್ನ ಮಾತ್ರ ಯಾವತ್ತೂ ಬೈದಿಲ್ಲ." ಅವರು ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು. "ಎಷ್ಟೋ ಮೀನು ಮೊಟ್ಟೆ ಇಡ್ಲೇ ಇಲ್ಲ. ವಾಪಸ್ ಕೆರೆಗೆ ಬಿಟ್ವಿ. ಆರಾಮಾಗಿ ಈಜ್ಕೊಂಡಿದ್ವು. ಅದಕ್ಕೇನೀಗ? ಊಟ ಮಾಡು."

ಅಕ್ಕ ತಲೆ ತಗ್ಗಿಸಿ ಹೋಳಿಗೆ ಮುರಿದರು.

ವಾಪಸ್ಸು ಬರುವಾಗ ಕಾರು ಓಡಿಸುತ್ತಿದ್ದವಳು ನಾನು. ಸಾಮಾನ್ಯವಾಗಿ ಮಾವನವರು ಮೀನಿನ ಮಾತು ತೆಗೆದರೆ ನಾನು ಮೆಲ್ಲಗೆ ಎಫ್‌ಎಂ ಜೋರು ಮಾಡುವುದು ರೂಢಿ. ಆವತ್ತು ಅವರೇ ಕೈ ಚಾಚಿ ಎಫ್‌ಎಂ ಹಾಕಿದ್ದರು. ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ, "ಮೀನಿಗೆ ಹೋಲಿಸ್ದೆ ಅಂತ ಬೇಜಾರಾಯ್ತೇನಮ್ಮ?" ಎಂದರು.

ನಾನು ಎಫ್‌ಎಂ ಆರಿಸಿದೆ. ನನಗಾಗಿ ಇಷ್ಟು ವರ್ಷದಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ.

"ಇಲ್ಲ ಮಾವ. ವಾಪಸ್ ಕೆರೆಗೆ ಬಿಟ್ರಲ್ಲ, ಆ ಮೀನುಗಳ ಕಥೆ ಹೇಳಿ."

ಅವರ ಮುಖ ಅರಳಿತು. "ಕಾಟ್ಲಾ ಕಣಮ್ಮ, ಇಷ್ಟಿಷ್ಟು ದಪ್ಪ! ನೀರಿಗೆ ಬಿಟ್ಟಿದ್ದೇ ತಡ, ಬಾಲದಲ್ಲಿ ಒಂದು ಏಟು ಕೊಟ್ವು ನೋಡು, ನನ್ನ ಮುಖವೆಲ್ಲ ಒದ್ದೆ!" ಎನ್ನುತ್ತಾ ಅಂಗೈಯಿಂದ ಮುಖ ಒರೆಸಿಕೊಂಡು ತೋರಿಸಿದರು.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರನ್ ಬಾರಿಸುತ್ತಿದ್ದರೂ, ನಾನು ನನ್ನ ಮುಖ ಒರೆಸಿಕೊಂಡ ಮೇಲೆಯೇ ಗಾಡಿ ತೆಗೆದೆ.