ಗೌರಜ್ಜಿ ಸಾಕ್ಷಿ ಹೇಳಿದ ಕ್ಯಾಸೆಟ್ಟು

ಕೆಲವರಿಗೆ ಮೊದಲು ಅಭಿಪ್ರಾಯ ಹುಟ್ಟುತ್ತದೆ, ಆಮೇಲೆ ಅದಕ್ಕೊಂದು ವಾದ ಹುಡುಕುತ್ತಾರೆ. ನನ್ನದು ಉಲ್ಟಾ. ನನಗೆ ಮೊದಲು ವಾದ ಹುಟ್ಟುತ್ತದೆ; ಅಭಿಪ್ರಾಯ ಹಿಂದಿನಿಂದ ನಡೆದುಕೊಂಡು ಬಂದು ಸೇರಿಕೊಳ್ಳುತ್ತದೆ, ಕೆಲವು ಸಲ ಬರುವುದೇ ಇಲ್ಲ. ಇದು ಚರ್ಚಾಸ್ಪರ್ಧೆಗಳಿಂದ ಅಂಟಿದ ರೋಗ; ‘ವಕೀಲ’ ಎಂಬ ಅಡ್ಡಹೆಸರೂ ಅಲ್ಲಿಂದಲೇ ಅಂಟಿತು. ಅಲ್ಲಿ ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಹಡಗಲಿಯಲ್ಲಿ ವಿಜ್ಞಾನ ವರವೆಂದು ವಾದಿಸಿ ಒಂದು ಫಲಕ ಗೆದ್ದೆ. ಮರುವಾರ ಹರಪನಹಳ್ಳಿಯಲ್ಲಿ ಅದೇ ವಿಜ್ಞಾನ ಶಾಪವೆಂದು ವಾದಿಸಿ ಇನ್ನೊಂದು ಗೆದ್ದೆ. ಎರಡೂ ನಮ್ಮ ಮನೆಯ ಗೂಡಿನಲ್ಲಿ ಅಕ್ಕಪಕ್ಕ ಕೂತಿವೆ, ಒಂದಕ್ಕೊಂದು ತಕರಾರಿಲ್ಲ. ನಮ್ಮವ್ವ ಎರಡನ್ನೂ ಒಂದೇ ಬಟ್ಟೆಯಿಂದ ಒರೆಸುತ್ತಾಳೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮ ಕೊಟ್ಟೂರಿನಲ್ಲಿ ಇಂಗ್ಲಿಷ್ ಹೆವಿ ರಾಕ್ ಸಂಗೀತಕ್ಕೆ ಧಾರಾಳವಾಗಿ ಎಣಿಸಿದರೂ ಮೂವರು ಅಭಿಮಾನಿಗಳಿದ್ದರು. ಮೊದಲನೆಯವನು ಕಿರಾಣಿ ಅಂಗಡಿಯವರ ಮಗ ಕೊಟ್ರೇಶ. ಲಾರಿ ತೆಗೆದುಕೊಂಡು ಗೋವಾಕ್ಕೆ ಹೋಗಿಬರುತ್ತಿದ್ದ ಅವನ ಸೋದರಮಾವ ತಂದುಕೊಟ್ಟ ಒಂದು ಕ್ಯಾಸೆಟ್ಟಿನಿಂದ ಈ ಪಂಥ ಶುರುವಾದದ್ದು. ಎರಡನೆಯವನು ತೆಲಿಗಿಯಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಮಂಜ. ಮೂರನೆಯವನು ನಾನು. ಹಾಡಿನ ಮಾತು ನಮ್ಮಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ತಾಳಕ್ಕೆ ತಲೆ ಝಾಡಿಸುವುದೇ ಭಕ್ತಿ. ಕೊಟ್ರೇಶನ ತಾಯಿ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, “ಮೂರೂ ಮಂದಿ ತಲ್ಯಾಗ ಹೇನು ಆಗ್ಯಾವೇನಪಾ, ಬರ್ರಿ, ಬಾಚಣಿಕಿ ಕೊಡ್ತೀನಿ” ಅಂದಿದ್ದರು.

ನಾವು ಪೂಜಿಸುತ್ತಿದ್ದ ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ಕೊಟ್ರೇಶ ಇವತ್ತಿಗೂ ಜಗಳಕ್ಕೆ ಬರುತ್ತಾನೆ. ಅದರ ಹಾಡುಗಾರನೂ ಗಿಟಾರಿನವನೂ ನಾವು ಚಡ್ಡಿ ಹಾಕುತ್ತಿದ್ದ ಕಾಲದಲ್ಲೇ ಜಗಳ ಆಡಿ ಬೇರೆಯಾಗಿದ್ದರು. ಕೊಟ್ರೇಶ ಅದನ್ನು ತನ್ನ ದೊಡ್ಡಪ್ಪ–ಚಿಗಪ್ಪಂದಿರು ಪಾಲಾದಷ್ಟೇ ನೋವಿನಿಂದ ಹೇಳುತ್ತಿದ್ದ. ಹೀಗಿರುವಾಗ ಅವರು ಮತ್ತೆ ಒಂದಾದ ಸುದ್ದಿ ಪೇಪರಿನ ಮೂಲೆಯಲ್ಲಿ ಬೆರಳಗಲದ ಫೋಟೋ ಸಮೇತ ಬಂತು. ಕೊಟ್ರೇಶ ಅದನ್ನು ಕತ್ತರಿಸಿ ಅಂಗಡಿಯ ತಕ್ಕಡಿಯ ಮೇಲ್ಗಡೆ, ದೇವರ ಪಟದ ಸಾಲಿನಲ್ಲೇ ಅಂಟಿಸಿದ. ಎರಡು ತಿಂಗಳಿಗೆ ಮಾವನ ಲಾರಿಯಲ್ಲಿ ಹೊಸ ಆಲ್ಬಮ್ಮೂ ಬಂತು. ನಾವು ಮೂವರೂ ಸೇರುವ ತನಕ ಅವನು ಅದರ ಮೇಲಿನ ಪ್ಲಾಸ್ಟಿಕ್ಕು ಸಹ ಬಿಚ್ಚಿರಲಿಲ್ಲ.

ಅದೇ ವಾರ ಕೊಟ್ರೇಶನ ಮನೆಯ ಟೇಪ್ ರೆಕಾರ್ಡರಿನ ವೈರನ್ನು ಇಲಿ ಕಡಿದಿತ್ತು. ಕರೆಂಟಿನ ಬದಲು ಬ್ಯಾಟರಿಯ ಆರು ಶೆಲ್ಲು ಬೇಕು. “ನಮ್ಮನ್ಯಾಗ ಅದಾವು” ಎಂದು ನಾನು ಓಡಿದೆ. ನಮ್ಮ ಮನೆಯಲ್ಲಿ ಶೆಲ್ಲಿಗೆ ಸಾವಿಲ್ಲ. ಟಾರ್ಚಿನಲ್ಲಿ ಪ್ರಾಣ ಬಿಟ್ಟವನ್ನು ಮಾಳಿಗೆಯ ಮೇಲೆ ಹಪ್ಪಳ–ಸಂಡಿಗೆಯ ಪಕ್ಕ ಬಿಸಿಲಿಗೆ ಇಡುತ್ತೇವೆ. ಎರಡು ದಿನಕ್ಕೆ ಎದ್ದು ರೇಡಿಯೋ ಸೇರುತ್ತವೆ. ಅಲ್ಲಿ ಮಲಗಿದರೆ ಮತ್ತೆ ಬಿಸಿಲು. ಅಂಥ ಬೆಚ್ಚಗಿನ ಆರು ಶೆಲ್ಲು ಜೇಬಿಗೆ ಹಾಕಿಕೊಂಡು ಬಂದೆ.

ಕ್ಯಾಸೆಟ್ಟು ಶುರುವಾಯಿತು. ಡ್ರಮ್ಮು ಹೇಗಿತ್ತೆಂದರೆ, ಒಬ್ಬಾಕೆ ಖಾರ ಕುಟ್ಟುತ್ತಾ ನಡುನಡುವೆ ಒನಕೆ ನಿಲ್ಲಿಸಿ ಪಕ್ಕದ ಮನೆಯವಳ ಹತ್ತಿರ ಮಾತಾಡಿದ ಹಾಗೆ. ಹಾಡುಗಾರನ ದನಿ ಬಾವಿಯ ತಳದಿಂದ ಬರುತ್ತಿತ್ತು. ತಲೆ ಝಾಡಿಸಲು ಸಿದ್ಧವಾಗಿದ್ದ ನಾವು ಅರ್ಧ ಝಾಡಿಸಿ ಮುಂದಿನ ಪೆಟ್ಟಿಗಾಗಿ ಕಾಯುತ್ತಾ ಕತ್ತು ಎತ್ತಿಕೊಂಡೇ ಕೂತೆವು. ಅಡುಗೆಮನೆಯಿಂದ ಕೊಟ್ರೇಶನ ತಾಯಿ, “ಶೆಲ್ ಹೋಗ್ಯಾವು ನೋಡ್ರಪಾ” ಅಂದರು.

“ಇಲ್ಲ ಚಿಗವ್ವ, ಇದು ಹೆವಿ ಮ್ಯೂಸಿಕ್ಕು. ಭಾರ ಇದ್ದದ್ದು ನಿಧಾನನ ಹೋಗ್ತೈತಿ. ಲೋಡ್ ಹಾಕಿದ ಲಾರಿ ಓಡ್ತೈತೇನು?” ಅಂದೆ.

“ಹೌದೇನಪಾ” ಎಂದು ಅವರು ರೊಟ್ಟಿ ತಿರುವಲು ಹೋದರು. ಆ ಮನೆಯಲ್ಲಿ ಅಂದು ಸತ್ಯ ಗೊತ್ತಿದ್ದದ್ದು ಅವರೊಬ್ಬರಿಗೆ. ಅವರನ್ನು ಸೋಲಿಸಲು ನನಗೆ ಒಂದು ಲಾರಿ ಸಾಕಾಯಿತು.

ಅಷ್ಟರಲ್ಲಿ ವಾದ ಹುಟ್ಟಿಬಿಟ್ಟಿತ್ತು. ಇವರು ಮುದುಕರಾಗಿದ್ದಾರೆ, ಒಡೆದ ಮನೆ ಕೂಡಿದರೆ ಗೋಡೆಯ ಗುರುತು ಉಳಿಯುತ್ತದೆ ಎಂದು ಬೆರಳು ಮಡಿಸುತ್ತಾ ಐದು ಪಾಯಿಂಟು ಹೇಳಿದೆ. “ಭಾಳ ವರ್ಷಕ್ಕ ಕೂಡ್ಯಾರಲೇ ವಕೀಲ, ಸ್ವಲ್ಪ ಟೈಮ್ ಕೊಡು” ಎಂದು ಕೊಟ್ರೇಶ ಸಣ್ಣ ದನಿಯಲ್ಲಿ ಅಂದ. ನಾನು ಆರನೆಯ ಪಾಯಿಂಟು ಹೇಳಿದೆ. ಅಷ್ಟಕ್ಕೆ ಬಿಡದೆ, ಅದೇ ಶೆಲ್ಲು ಮತ್ತೆ ಮತ್ತೆ ಒಣಗಿಸಿ ತಂದು ಹತ್ತಾರು ಸಲ ಕೇಳಿ ಕೇಳಿ ದೋಷ ಹೆಕ್ಕಿ, ಕಾಲೇಜಿನ ಭಿತ್ತಿಪತ್ರಿಕೆಗೆ ‘ಕೂಡಿ ಕೆಟ್ಟವರು’ ಎಂಬ ಲೇಖನ ಬರೆದು ಅಂಟಿಸಿದೆ. ಬ್ಯಾಂಡಿನ ಹೆಸರೇ ಕೇಳಿರದ ನಮ್ಮ ಕನ್ನಡ ಮೇಷ್ಟ್ರು “ತೂಕದ ವಿಮರ್ಶೆ” ಅಂದರು.

ನಡುವೆ ಮಂಜ ಕ್ಯಾಸೆಟ್ಟನ್ನು ಊರಿಗೆ ಒಯ್ದು, ಅವರ ಟ್ರ್ಯಾಕ್ಟರಿನ ಟೇಪಿನಲ್ಲಿ ಹಾಕಿಕೊಂಡು ಹೊಲ ಹೊಡೆದು ಬಂದ. ಸೋಮವಾರ ಬಸ್ಸಿಳಿದವನೇ, “ಲೇ, ಬೆಂಕಿ ಐತಲೇ ಅದು. ಎರಡು ಎಕ್ರಿ ಹೊಡದದ್ದ ಗೊತ್ತಾಗ್ಲಿಲ್ಲ ನಂಗೆ” ಅಂದ. ಕೊಟ್ರೇಶನ ಮುಖ ಅರಳಿತು. ನಾನು ಪಾಟಿ ಸವಾಲಿಗೆ ಇಳಿದೆ.

“ಟ್ರ್ಯಾಕ್ಟರ್ ಶುರು ಇತ್ತೇನು?”

“ಇಲ್ದಿದ್ರೆ ಹೊಲ ಹೆಂಗ್ ಹೊಡೀಲಿ?”

“ಎಂಜಿನ್ ಸಪ್ಪಳ ಯಾವುದು, ಡ್ರಮ್ ಸಪ್ಪಳ ಯಾವುದು, ಬ್ಯಾರೆ ಬ್ಯಾರೆ ಗೊತ್ತಾತೇನು?”

“ಎಲ್ಲಿ ಗೊತ್ತಾಗುತ್ತಲೇ.”

“ಅಂದ್ರ ನೀ ಕೇಳಿದ್ದು ಬ್ಯಾಂಡ್ ಅಲ್ಲ, ಟ್ರ್ಯಾಕ್ಟರು.”

ಮಂಜ “ಇದ್ರೂ ಇರಬಹುದು” ಎಂದು ಚಹಾ ಕುಡಿದ. ಕಿವಿಯಾರೆ ಕೇಳಿದ್ದನ್ನು ಒಬ್ಬ ಮನುಷ್ಯ ಅರ್ಧ ಕಪ್ಪು ಚಹಾದಲ್ಲಿ ಬಿಟ್ಟುಕೊಟ್ಟ. ನನಗೆ ಬಹಳ ಹೆಮ್ಮೆಯಾಯಿತು.

ಆದರೆ ಕೊಟ್ರೇಶ ಮಾತ್ರ ಬದಲಾದ. ಅವನು ವಾದ ಮಾಡುವವನಲ್ಲ, ನಂಬುವವನು. ಈ ಸಲ ನನ್ನನ್ನು ನಂಬಿಬಿಟ್ಟಿದ್ದ. ತಕ್ಕಡಿಯ ಮೇಲಿನ ಫೋಟೋ ಮಾಯವಾಯಿತು. ಅವನ ಅಕ್ಕನ ಮದುವೆ ಗೊತ್ತಾದಾಗ, ಗೌರಜ್ಜಿಯ ಸೋಬಾನೆ ಪದಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಹಗರಿಬೊಮ್ಮನಹಳ್ಳಿಯ ಗಂಡನ ಮನೆಗೆ ಒಯ್ಯಬೇಕೆಂದು ಅಕ್ಕ ಹಟ ಹಿಡಿದಳು. ಗೌರಜ್ಜಿ ಅಂದರೆ ಅವರಪ್ಪನ ತಾಯಿ; ಆ ಪದಗಳು ಆ ಓಣಿಯಲ್ಲಿ ಆಕೆಯೊಬ್ಬಳ ಬಾಯಲ್ಲಿ ಇದ್ದವು. “ಹೊಸಾ ಕ್ಯಾಸೆಟ್ ಯಾಕ ಬೇಕು, ಇದರ ಮ್ಯಾಲೆ ತುಂಬಣ. ಹೆಂಗೂ ಇದನ್ನ ಇನ್ನ ಯಾರ್ ಕೇಳ್ತಾರ” ಎಂದು ಕೊಟ್ರೇಶ ನಮ್ಮ ಬ್ಯಾಂಡಿನ ಕ್ಯಾಸೆಟ್ಟು ತೆಗೆದ. ಅಳಿಸದಂತೆ ಅದರ ಬೆನ್ನಿನಲ್ಲಿ ಬಿಟ್ಟಿದ್ದ ಎರಡು ತೂತಿಗೆ ಕಾಗದದ ಉಂಡೆ ತುರುಕಿದ. ಬೇಡ ಅನ್ನಬೇಕೆನಿಸಿತು. ಆದರೆ ಗೆದ್ದವನು ತಕರಾರು ತೆಗೆಯುವುದು ಹೇಗೆ? ಅವನ ತಾಯಿ ಮಾತ್ರ, “ಹೊಸಾ ಶೆಲ್ ಹಾಕ್ರಿ, ಅತ್ತಿ ದನಿ ಕೆಡಬಾರದು” ಎಂದು ಅಂಗಡಿಯಿಂದಲೇ ಆರು ತರಿಸಿದರು.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಗೌರಜ್ಜಿ ಸೆರಗು ಸರಿಮಾಡಿಕೊಂಡು, ಕೆಮ್ಮಿ, “ಹಾಡ್ಲೇನು?” ಎಂದು ಯಂತ್ರವನ್ನೇ ಕೇಳಿ, ಎರಡು ಸಾಲು ಹಾಡಿ ನಿಲ್ಲಿಸಿದಳು. “ಎಲ್ಲಿ, ಬಂದತೇನು ನೋಡು ಮೊದಲ. ಬರದಿದ್ರ ನಾ ಸುಮ್ನ ಯಾಕ ಒದರ್ಲಿ?” ಆ ಮನೆಯ ನಿಜವಾದ ಸಂಶಯವಾದಿ ಆಕೆ.

ಕೊಟ್ರೇಶ ಹಿಂದಕ್ಕೆ ಸುತ್ತಿ ಹಾಕಿದ. ಕೆಮ್ಮು, “ಹಾಡ್ಲೇನು?”, ಎರಡು ಸಾಲು, “ಬಂದತೇನು ನೋಡು”, ಎಲ್ಲವೂ ಸಾಕ್ಷಾತ್ ಗೌರಜ್ಜಿ. ಟಕ್ ಎಂದು ಒಂದು ಸದ್ದು. ತುಂಬಿದ್ದು ಅಷ್ಟೇ, ಆಮೇಲೆ ಇದ್ದದ್ದು ಬ್ಯಾಂಡು. ಹಗ್ಗ ಹರಿದ ಹೋರಿ ಸಂತೆಗೆ ನುಗ್ಗಿದ ಹಾಗೆ ಗಿಟಾರು ಪಡಸಾಲೆಗೆ ನುಗ್ಗಿತು. ಗೌರಜ್ಜಿಯ ಕೈಯಲ್ಲಿದ್ದ ಎಲಿ–ಅಡಿಕೆ ಕೆಳಗೆ ಬಿತ್ತು. ಬಾವಿಯೊಳಗಿದ್ದ ಹಾಡುಗಾರ ಒಂದೇ ನೆಗೆತಕ್ಕೆ ದಡದ ಮೇಲೆ ನಿಂತು ಕೂಗುತ್ತಿದ್ದ.

ನನ್ನ ತಲೆ ಅಭ್ಯಾಸಬಲದಿಂದ ಒಂದು ಆಕ್ಷೇಪ ಹುಡುಕಿತು, ಸಿಗಲಿಲ್ಲ. ಟೇಪು ಅದೇ, ಕ್ಯಾಸೆಟ್ಟು ಅದೇ, ಶೆಲ್ಲು ಮಾತ್ರ ಹೊಸವು; ಅದೇ ಉಸಿರಿನಲ್ಲಿ ಗೌರಜ್ಜಿಯ ದನಿ ಗೌರಜ್ಜಿಯದೇ ಆಗಿದ್ದರೆ, ಇವರದೂ ಇವರದೇ. ಟ್ರ್ಯಾಕ್ಟರಿನ ಸಾಕ್ಷಿಯನ್ನು ತಳ್ಳಿಹಾಕಬಹುದು. ಎದುರಿಗೇ ಕೂತು ಅಡಿಕೆ ಹೆಕ್ಕುತ್ತಿರುವ ಅಜ್ಜಿಯನ್ನು ತಳ್ಳಿಹಾಕುವಂತಿಲ್ಲ.

“ನಾ ಅವತ್ತ ಹೇಳಿದ್ನಲ್ಲ, ಶೆಲ್ ಹೋಗ್ಯಾವು ಅಂತ. ಯಾರ ಮನ್ಯಾವು ಅವು?” ಅಂದರು ಕೊಟ್ರೇಶನ ತಾಯಿ.

“ವಕೀಲನ ಮನ್ಯಾವು. ಸಂಡಿಗಿ ಜತಿ ಒಣಗಿಸ್ತಾರ” ಎಂದು ಕೊಟ್ರೇಶ ದನಿ ಇನ್ನಷ್ಟು ಏರಿಸಿದ. ಬೈಯಲಿಲ್ಲ. ಅವನು ಆಗಲೇ ತಲೆ ಝಾಡಿಸಲು ಶುರುಮಾಡಿದ್ದ.

ಗೌರಜ್ಜಿ ಹಾಡು ಮುಗಿಯುವ ತನಕ ಕೇಳಿ, “ಭಾಳ ಸಿಟ್ಟಿಗೆದ್ದಾರಪಾ ಇವರು. ಯಾರರ ಏನರ ಅಂದಿದ್ರೇನು?” ಎಂದು ಕೇಳಿದಳು.

“ಹೂಂ ಅಜ್ಜಿ, ಇವ ಅಂದಿದ್ದ” ಎಂದು ಕೊಟ್ರೇಶ ನನ್ನನ್ನು ತೋರಿಸಿದ.

ನಾನು ಸೈಕಲ್ ಹತ್ತಿ ಹೋಗಿ ಖಾಲಿ ಕ್ಯಾಸೆಟ್ಟು ತಂದೆ. ಸೋಬಾನೆ ಪದಗಳು ಅದರಲ್ಲಿ ತುಂಬಿ ಹಗರಿಬೊಮ್ಮನಹಳ್ಳಿಗೆ ಹೋದವು. ಬ್ಯಾಂಡಿನ ಕ್ಯಾಸೆಟ್ಟಿನಲ್ಲಿ ಮಾತ್ರ ಮೊದಲ ಹಾಡಿನ ತಲೆ ಅಳಿಸಿಕೊಂಡು ಗೌರಜ್ಜಿ ಹಾಗೇ ಉಳಿದಿದ್ದಾಳೆ. ಮಾವ ಬೇರೆ ಪ್ರತಿ ತಂದುಕೊಡುತ್ತೇನೆಂದರೂ ಕೊಟ್ರೇಶ ಒಲ್ಲೆನೆಂದ. ಫೋಟೋ ತಕ್ಕಡಿಯ ಮೇಲಕ್ಕೆ ಮರಳಿತು. ಮಂಜ ಇಂದಿಗೂ ನಾನು ಯಾವ ವಿಷಯ ಎತ್ತಿದರೂ, “ತಡಿ, ನಮ್ಮ ಟ್ರ್ಯಾಕ್ಟರ್ ಕೇಳ್ಕಂಡು ಬರ್ತೀನಿ” ಅನ್ನುತ್ತಾನೆ. ನಾನು ಹಳೆಯ ಲೇಖನ ಕಿತ್ತು ‘ಕೂಡಿ ಗೆದ್ದವರು’ ಎಂದು ಹೊಸದು ಅಂಟಿಸಿದೆ. ಮೇಷ್ಟ್ರು ಅದಕ್ಕೂ “ತೂಕದ ವಿಮರ್ಶೆ” ಅಂದರು.

ಒಂದು ವಿಷಯ ಮಾತ್ರ ಇಬ್ಬರಿಗೂ ಹೇಳಿಲ್ಲ. ಆಮೇಲೆ ನಮ್ಮ ಮನೆಗೂ ಒಂದು ಟೇಪು ಬಂತು. ಆಗಾಗ ಕೊಟ್ರೇಶನಿಂದ ಆ ಕ್ಯಾಸೆಟ್ಟು ಇಸಿದುಕೊಂಡು ಬಂದು, ಮಾಳಿಗೆಯ ಮೇಲಿಂದ ಆರು ಶೆಲ್ಲು ಆರಿಸಿ ಹಾಕುತ್ತೇನೆ. ಗೌರಜ್ಜಿ ಗಂಡು ದನಿಯಲ್ಲಿ “ಹಾಡ್ಲೇನು?” ಎಂದು ಕೇಳುತ್ತಾಳೆ. ಆಮೇಲೆ ಆ ಮುದುಕರು ಬಾವಿಯ ಮೆಟ್ಟಿಲು ಒಂದೊಂದೇ ಹತ್ತಿಕೊಂಡು, ಏನೂ ಗಡಿಬಿಡಿಯಿಲ್ಲದೆ ಮೇಲಕ್ಕೆ ಬರುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ. ಯಾಕೆಂದು ಪಾಯಿಂಟು ಮಾಡಲು ಕೂತರೆ ಒಂದು ಬೆರಳೂ ಮಡಿಯುವುದಿಲ್ಲ. ಅಡುಗೆಮನೆಯಿಂದ ನಮ್ಮವ್ವ, “ಶೆಲ್ ಹೋಗ್ಯಾವಲೇ” ಅನ್ನುತ್ತಾಳೆ.

“ಹೌದವ್ವ, ಹೋಗ್ಯಾವು” ಅನ್ನುತ್ತೇನೆ.