ಸಂದರ್ಶನಕ್ಕೊಂದು ಪೀಠಿಕೆ

ನಾನು ಒಳ್ಳೆಯ ಮಾತುಗಾರ. ಬೇರೆ ಯಾರೂ ಹೇಳದ ಕಾರಣ ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ನಮ್ಮೂರು ಹೆಮ್ಮಾಡಿಯ ಸುತ್ತಮುತ್ತ ಎಲ್ಲಿ ತಾಳಮದ್ದಳೆ ಇದ್ದರೂ ದೂತನ ಅರ್ಥ ನನ್ನದೇ. ವೇಷವಿಲ್ಲದೆ ಕೂತು ಮಾತಲ್ಲೇ ಆಡುವ ಯಕ್ಷಗಾನ ಅದು; ಪಾತ್ರದ ಮಾತಿಗೇ ಅರ್ಥ ಎನ್ನುವುದು. ದೂತನಿಗೆ ನಾಲ್ಕು ಮಾತು ಧಾರಾಳವಾಯಿತು ಎಂಬುದು ಪದ ಹಾಡುವ ಭಾಗವತರ ಅಭಿಪ್ರಾಯ. ನನ್ನ ಪೀಠಿಕೆಯೇ ಮುಕ್ಕಾಲು ಗಂಟೆ! ಹೀಗಾಗಿ ನಾನಿನ್ನೂ ಅರಮನೆಯ ಬಾಗಿಲು ದಾಟುವ ಮೊದಲೇ ಅವರು ಮುಂದಿನ ಪದ ಎತ್ತಿಬಿಡುತ್ತಾರೆ. ಪ್ರತಿಭಾವಂತರಿಗೆ ಇಂಥದ್ದೆಲ್ಲ ಇದ್ದದ್ದೇ.

ಸೊಸೈಟಿಯ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಈ ಪ್ರತಿಭೆ ಮನೆಯಲ್ಲಿ ಕೊಳೆಯುತ್ತಿತ್ತು. ಆಗ ಊರ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಫೋನ್ ಮಾಡಿದರು. ಎಸ್ಸೆಸ್ಸೆಲ್ಸಿ ಆದ ಮೇಲೆ ಮುಂದೇನು ಅಂತ ಮಕ್ಕಳಿಗೆ ದಾರಿ ತೋರಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರಂತೆ. ಒಬ್ಬ ನರ್ಸ್, ಒಬ್ಬ ಹೋಟೆಲಿನವರು, ಒಬ್ಬ ಲೈನ್‌ಮ್ಯಾನ್ ಬಂದು ತಮ್ಮ ತಮ್ಮ ಕೆಲಸದ ಬಗ್ಗೆ ಹೇಳಿ ಹೋಗಿದ್ದರು. ಇನ್ನು ಡೀಸೆಲ್ ಎಂಜಿನ್ ರಿಪೇರಿ ಕಲಿಸುವ ಕೇಂದ್ರದವರು ಶಾಲೆಗೇ ಬಂದು, ಸಂದರ್ಶನ ಮಾಡಿ, ಒಬ್ಬರನ್ನು ಆರಿಸುತ್ತಾರೆ. ಊಟ, ಹಾಸ್ಟೆಲ್, ಕಲಿಕೆ ಎಲ್ಲ ಉಚಿತ.

"ನಮ್ಮ ನಾಗವೇಣಿಗೆ ಅದ್ರ ಮೇಲೇ ಜೀವ," ಎಂದರು ಹೆಡ್‌ಮಿಸ್ಟ್ರೆಸ್. "ರಜೆ ಬಂದ್ರೆ ಗಂಗೊಳ್ಳಿಯಲ್ಲಿ ಅಪ್ಪಯ್ಯನ ಬೋಟಿನ ಎಂಜಿನ್ ಬಿಟ್ಟ್ ಏಳುದಿಲ್ಲೆ. ಆದ್ರೆ ಬಾಯಿ ಬಿಡುದಿಲ್ಲೆ ಮಾರಾಯ್ರೆ. ಹೆಸ್ರ್ ಕೇಂಡ್ರೂ ನೆಲ ಕಾಣ್ತ್."

"ಬಾಯಿ ಬಿಡಿಸುವುದು ನನ್ನ ಹೊಣೆ," ಎಂದೆ.

ಒಳಗಿನಿಂದ ನನ್ನ ಹೆಂಡತಿ ಗಿರಿಜೆಯ ದನಿ ಬಂತು. "ಹ್ವಾಯ್, ಅದ್ ಆ ಹೆಣ್ಣಿನ ಬದ್ಕ್. ನಿಮ್ಮ ಅರ್ಥ ಗಿರ್ಥ ಎಲ್ಲ ಅಲ್ಲಿ ಬಿಚ್ಚುಕೆ ಹೋಗ್ಬೇಡಿ."

"ನಂಗ್ ಅಷ್ಟೂ ಗೊತ್ತಿಲ್ಯಾ?" ಎಂದೆ. ಗೊತ್ತಿರಲಿಲ್ಲ.

ಮೊದಲ ದಿನ ನಾಗವೇಣಿ ತಾನಾಗಿ ಆಡಿದ್ದು ಒಂದೇ ಮಾತು. "ಇದ್ ಸಿಕ್ಕದಿದ್ರೆ ಅಕ್ಕನೊಟ್ಟಿಗೆ ಗೇರುಬೀಜದ ಫ್ಯಾಕ್ಟ್ರಿಗ್ ಹೋಯ್ಕ್ ಅಂದಿರ್ ಅಮ್ಮ." ಕಣ್ಣು ತುಂಬಿತ್ತು. ನನ್ನ ಕರುಳು ಚುರುಕ್ ಎಂದಿತು. ಕರುಳು ಚುರುಕ್ ಎಂದಾಗ ನಾನು ಬಾಯಿ ತೆರೆಯಬಾರದು. ತೆರೆದೆ!

"ಕೇಳು ಮಗಾ. ಸಂದರ್ಶನ ಅಂದರೆ ತಾಳಮದ್ದಳೆಯೇ. ಎದುರು ಕೂತವರು ಎದುರು ಅರ್ಥಧಾರಿಗಳು. ಅವರು ಏನೇ ಕೇಳಲಿ, ನೀನು ಪೀಠಿಕೆಯಿಂದ ಹೊರಡು. ಕೇಳಿದ್ದಕ್ಕೇ ಉತ್ತರ ಕೊಟ್ಟರೆ ಸೋತ ಹಾಗೆ. ಎದುರು ಯಾರೇ ಇರಲಿ, ಒಪ್ಪಿಕೊಳ್ಳಕೂಡದು!"

ಒಂದು ವಾರದಲ್ಲಿ ಹುಡುಗಿ ಬಾಯಿ ಬಿಟ್ಟಳು. ಆಚೆ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರು ಬಾಗಿಲು ಹಾಕಿಕೊಂಡರು. ಹೆಡ್‌ಮಿಸ್ಟ್ರೆಸ್ಸಿಗೆ ಆನಂದವೋ ಆನಂದ. ಆ ಬಾಯಿಂದ ಬರುತ್ತಿರುವುದೇನು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂದರ್ಶನದ ದಿನ ಕೇಂದ್ರದಿಂದ ಇಬ್ಬರು ಬಂದರು. ಎಂಜಿನ್ ಕಲಿಸುವ ಒಬ್ಬ ಹಿರಿಯ ಮೇಷ್ಟ್ರು, ಒಬ್ಬ ಮೇಡಂ. ನಾನು ಕಿಟಕಿಯ ಹೊರಗೆ ನಿಂತೆ.

"ನಿನ್ನ ಹೆಸರೇನಮ್ಮ?" ಎಂದರು ಮೇಡಂ.

ನಾಗವೇಣಿ ಎದೆ ಸೆಟೆಸಿದಳು. "ಹೆಸರು! ಆಹಾ, ಹೆಸರೆಂದರೇನು? ಹೆತ್ತವರು ಇಟ್ಟದ್ದೋ, ಲೋಕ ಕರೆದದ್ದೋ, ಸ್ವಂತ ಪರಾಕ್ರಮದಿಂದ ಗಳಿಸಿದ್ದೋ? ಕೇಳಿದ ತಾವೇ ಮೊದಲು ಅದನ್ನು ಸ್ಪಷ್ಟಪಡಿಸತಕ್ಕದ್ದು!"

ಮೇಡಂ ಪೆನ್ನು ಕೆಳಗಿಟ್ಟರು. ನಾನು ಹೊರಗಿನಿಂದ "ಭಲೇ!" ಎಂದೆ, ಮೆಲ್ಲಗೆ.

"ಇರಲಿ," ಎಂದರು ಮೇಷ್ಟ್ರು. "ಎಂಜಿನ್ ಬಿಸಿಯಾದರೆ ಮೊದಲು ಏನು ಮಾಡ್ತೀ?"

"ಬಿಸಿಯಾಗುವುದು ಎಂಜಿನ್ನಿನ ಧರ್ಮ. ತಣ್ಣಗೆ ಕೂತು ಪ್ರಶ್ನೆ ಕೇಳುವುದು ತಮ್ಮ ಧರ್ಮ. ಧರ್ಮಕ್ಕೆ ಧರ್ಮವೇ ಅಡ್ಡ ಬಂದರೆ..."

"ಅಲ್ಲಮ್ಮಾ, ನಾನು ಕೇಳಿದ್ದು ಎಂಜಿನ್."

"ಅಲ್ಲವೆಂದು ನಾನು ಹೇಳಿದೆನೇ? ಹೌದೆಂದು ಒಪ್ಪಿದೆನೇ?"

ಮೇಡಂ ಕಾಗದ ಮಡಚತೊಡಗಿದರು. ನಾಗವೇಣಿಯ ಮುಖ ಬಿಳಿಚಿತು. ಕಲಿಸಿದ್ದು ಮುಗಿದಿತ್ತು, ಗೇರುಬೀಜದ ಫ್ಯಾಕ್ಟರಿ ಹತ್ತಿರವಾಗುತ್ತಿತ್ತು. ಒಳಗೆ ನುಗ್ಗಿದೆ. ಆಗ ನಾನು ಹೇಳಬೇಕಾಗಿದ್ದುದು ಇಷ್ಟೇ: ತಪ್ಪು ನನ್ನದು, ಹುಡುಗಿ ಜಾಣೆ, ದಯವಿಟ್ಟು ಇನ್ನೊಮ್ಮೆ ಕೇಳಿ.

"ಮಹನೀಯರೇ," ಎಂದು ಆರಂಭಿಸಿದೆ. "ಈ ಭೂಮಂಡಲದಲ್ಲಿ ಎಂಬತ್ತನಾಲ್ಕು ಲಕ್ಷ ಜೀವರಾಶಿಗಳು..."

ಮೇಡಂ "ಸರ್, ಸರ್" ಎಂದರು. ಮೇಷ್ಟ್ರು ಗಡಿಯಾರ ನೋಡಿದರು. ನಾನು ಜೀವರಾಶಿಗಳಿಂದ ಮನುಷ್ಯನಿಗಿಳಿದು, ಮನುಷ್ಯನಿಂದ ಚಕ್ರಕ್ಕೆ, ಚಕ್ರದಿಂದ ಎಂಜಿನ್ನಿಗೆ ಬರುವಷ್ಟರಲ್ಲಿ ಮೈಮರೆತಿದ್ದೆ. "ಕಾದ ಎಂಜಿನ್ನಿಗೆ ಕೊಡಪಾನ ತಣ್ಣೀರು ಹೊಯ್ದರಾಯಿತು ಎಂಬುದು ಎಳೆಯ ಮಗುವಿಗೂ ತಿಳಿದ ಸತ್ಯವಷ್ಟೆ!" ಎಂದೆ.

"ಹ್ವಾಯ್!"

ಕೂಗಿದ್ದು ನಾಗವೇಣಿ.

"ನೀವ್ ಸುಮ್ನಿರಿ ಕಾಂಬ! ಕಾದ ಎಂಜಿನ್ನಿಗೆ ತಣ್ಣೀರ್ ಹೊಯ್ದ್ರೆ ಒಡ್ದ್ ಹೋತ್. ಮೊದ್ಲ್ ಬಂದ್ ಮಾಡ್ಕ್. ತಣೀಲಿ. ಆಮೇಲ್ ನೀರಿನ ಪೈಪಂಗೆ ಕಸ ಕಟ್ಟಿತ್ತಾ ಕಾಣ್ಕ್. ಗೊತ್ತಿಲ್ದಿದ್ರೆ ಮಾತಾಡ್ಬೇಡಿ. ಹೊರ್ಗ್ ನಿಂತ್ಕಣಿ!"

ಹೊರಗೆ ಹೋಗಿ ನಿಂತೆ. ಒಳಗೆ ಮಡಚಿದ ಕಾಗದ ಮತ್ತೆ ಬಿಚ್ಚಿಕೊಂಡಿತು. ಆಮೇಲೆ ಅವಳು ಆಡಿದ್ದೆಲ್ಲ ಮನೆಮಾತೇ. ಪೀಠಿಕೆ ಇಲ್ಲ, ಧರ್ಮಾಧರ್ಮ ಇಲ್ಲ. ಇಷ್ಟು ಸಪ್ಪೆ ಅರ್ಥವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಆಯ್ಕೆಯಾದಳು!

ಮೇಷ್ಟ್ರು ಹೊರಬಂದು ಹೆಡ್‌ಮಿಸ್ಟ್ರೆಸ್ಸಿಗೆ ಹೇಳಿದರು. "ಎಂಜಿನ್ ಕೆಲಸ ನಾವು ಕಲಿಸ್ತೇವೆ. ಆದರೆ ಗ್ಯಾರೇಜ್ ತುಂಬ ಗಂಡಸರು. ಹುಡುಗಿ ಸ್ಪ್ಯಾನರ್ ಹಿಡಿದರೆ ಸಾಕು, ಏನೂ ಗೊತ್ತಿಲ್ಲದವರೆಲ್ಲ ಉಪದೇಶ ಮಾಡಲಿಕ್ಕೆ ಬರ್ತಾರೆ. ಅಂಥವರನ್ನು ನಿಭಾಯಿಸಿಯಾಳೋ ಅನ್ನುವುದೇ ನಮಗಿದ್ದ ಚಿಂತೆ." ಬಳಿಕ ನನ್ನ ಕೈ ಕುಲುಕಿದರು. "ಒಳ್ಳೇ ಪರೀಕ್ಷೆ ಇಟ್ಟಿರಿ ಸರ್. ನಿಮ್ಮ ನಟನೆ ಬಹಳ ಸಹಜವಾಗಿತ್ತು."

ನಾನು ಗಂಭೀರವಾಗಿ ಕೈ ಮುಗಿದೆ.

ನಾಗವೇಣಿ ನನ್ನ ಬಳಿ ಓಡಿ ಬಂದಳು. "ಬೈದದ್ದ್ ಬೇಜಾರಾಯ್ತಾ ಮಾಷ್ಟ್ರೆ?" ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಬೇಜಾರಾಗಿರಲಿಲ್ಲ. ಪೀಠಿಕೆ ಇಲ್ಲದೆ ಅವಳ ತಲೆ ಸವರಿದೆ, ಅಷ್ಟೇ. ಎಲ್ಲರಿಗೂ ಅನುಕೂಲವೇ ಆಯಿತು.

ಮನೆಗೆ ಬಂದು, ಇದೆಲ್ಲ ನಾನು ಮೊದಲೇ ಯೋಚಿಸಿ ಹೂಡಿದ ತಂತ್ರ ಎಂದು ಗಿರಿಜೆಗೆ ವಿವರಿಸುತ್ತಿದ್ದೆ. ಅವಳು ಬಸಳೆ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ಸಿನ ಫೋನು.

"ನಾಳ್ದ್ ನರ್ಸಿಂಗ್ ಕಲಿಸುವವ್ರ್ ಬತ್ರ್. ನಮ್ ಮಕ್ಳಿಗೆ ತಾಳ್ಮೆ ಎಷ್ಟಿತ್ತ್ ಅಂದ್ಹೇಳಿ ಕಾಣ್ಕಂತೆ. ನೀವ್ ದಯಮಾಡಿ ಬರ್ಕ್. ತಯಾರಿ ಎಂತದೂ ಬ್ಯಾಡ. ಬಂದ್ ಕೂಕಂಡ್ ಮಾತಾಡಿರೆ ಸಾಕ್."

"ಬತ್ತೆ," ಎಂದೆ.