ಅಕ್ಕನ ಮನೆ ಚಪ್ಪರ, ಮೇಷ್ಟ್ರ ತರ್ಕ

ತತ್ವಶಾಸ್ತ್ರವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇದರಲ್ಲಿ ಹರದನಹಳ್ಳಿಯ ನಮ್ಮ ಚಿಕ್ಕಪ್ಪನ ಪಾಲು ದೊಡ್ಡದು. ಕೊಟ್ಟಿಗೆ ಗುಡಿಸು ಅಂದರೆ ಎಲ್ಲಾ ಮಾಯೆ ಎಂದು ಜಗಲಿಯ ಮೇಲೆ ಮಗ್ಗುಲು ಬದಲಿಸುತ್ತಿದ್ದ ಆ ಮಹಾನುಭಾವ, ಒಳಗೆ ಮುದ್ದೆ ಬೆಂದ ವಾಸನೆ ಬಂದೊಡನೆ ಎಲ್ಲರಿಗಿಂತ ಮುಂಚೆ ತಟ್ಟೆ ಮುಂದೆ ಹಾಜರಾಗುತ್ತಿದ್ದ. ಬಸ್ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ಅದು ಮಾಯೆ ಆಗುತ್ತಿರಲಿಲ್ಲ, ಚಿಕ್ಕಮ್ಮನ ತಪ್ಪಾಗುತ್ತಿತ್ತು. ಮೈಗಳ್ಳರು ಕಂಡುಕೊಂಡ ಮರ್ಯಾದಸ್ಥ ದಾರಿಗೇ ತತ್ವಶಾಸ್ತ್ರ ಅನ್ನುತ್ತಾರೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ಮನೆ ಚಾಮರಾಜನಗರದಲ್ಲಿ, ವಾಣಿಜ್ಯಶಾಸ್ತ್ರ ಹೇಳುವ ಕೆಲಸ ಗುಂಡ್ಲುಪೇಟೆಯ ಕಾಲೇಜಿನಲ್ಲಿ. ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಆ ದಿನ ನಾನು ಒಳ್ಳೆಯ ಮನುಷ್ಯ, ಸಿಗದಿದ್ದರೆ ವಿದ್ಯಾರ್ಥಿಗಳ ಗ್ರಹಚಾರ. ಈಗ ನೆನೆದರೆ ಆ ಬಸ್ಸಿನ ಧೂಳೂ ಹಿತವಾಗಿಯೇ ಇತ್ತು ಅನ್ನಿಸುತ್ತದೆ. ನಮ್ಮ ಸ್ಟಾಫ್ ರೂಮಿನ ಮೂಲೆಯಲ್ಲಿ ತತ್ವಶಾಸ್ತ್ರದ ಪುಟ್ಟಸ್ವಾಮಿ ಮೇಷ್ಟ್ರು ಕೂರುತ್ತಿದ್ದರು. ಕುರ್ಚಿ ಇವತ್ತು ನಿಜವಾಗಿ ಇದೆಯೋ ಇಲ್ಲವೋ ಎಂದು ನಾವು ಅವರನ್ನು ರೇಗಿಸುವುದು, ಅವರು ಅದನ್ನು ಗಂಭೀರವಾಗಿ ಅಲ್ಲಾಡಿಸಿ ನೋಡಿ, ಸದ್ಯಕ್ಕೆ ಇದೆ ಎಂದು ಕೂರುವುದು ದಿನದ ಪದ್ಧತಿ. ಅವರ ಪಾಠದಿಂದ ಯಾರ ಮನೆಯ ಒಲೆ ಉರಿಯುತ್ತದೆ ಎಂದು ನಾನು ಎದುರಿಗೇ ಕೇಳಿದ್ದೂ ಉಂಟು. ಅದಕ್ಕವರು ನಕ್ಕು ಟೀ ತರಿಸಿದ್ದರು.

ನನ್ನ ಕೋಪದ ವಿಷಯವನ್ನೂ ಹೇಳಿಬಿಡಬೇಕು. ಅದು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಅರ್ಥ ಮಾಡಿಕೊಂಡವಳು ಕುದೇರಿನಲ್ಲಿರುವ ನನ್ನ ಅಕ್ಕ ಒಬ್ಬಳೇ. ಅವ್ವ ತೀರಿಕೊಂಡ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ, ಬೈದು, ತಿದ್ದಿ, ಕಾಲೇಜು ಮೆಟ್ಟಿಲು ಹತ್ತಿಸಿದವಳು ಅವಳು. ಅಂಥವಳ ಜೊತೆ ಮಾತು ಬಿಡುವ ಹಂತಕ್ಕೆ ನಾನು ಹೋಗಿದ್ದೆನೆಂದರೆ ನೀವು ನಂಬಬೇಕು.

ಆಗಿದ್ದಿಷ್ಟು. ಯುಗಾದಿ ಕಳೆದ ವಾರ, ಕಾಲೇಜು ಆಫೀಸಿನ ಮಾದೇಗೌಡ ಕುದೇರಿನ ಮೇಲೆ ಬಸ್ಸಿನಲ್ಲಿ ಬಂದವನು, "ಸಾ, ನಿಮ್ಮಕ್ಕಾರ್ ಮನೆ ಮುಂದೆ ಚಪ್ಪರ ಆಕವ್ರೆ, ತೋರಣನೂ ಕಟ್ಟವ್ರೆ. ನೀವ್ಯಾಕ್ ಇಲ್ಲೇ ಇದ್ದೀರಿ?" ಅಂದ. ಅಕ್ಕನ ಮಗಳು ಜಯಂತಿಗೆ ಗಂಡು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ನಮ್ಮ ಕಡೆ ಮದುವೆ ಚಪ್ಪರದ ಮೊದಲ ಕಂಬ ನೆಡುವುದು ಸೋದರಮಾವ. ಅವನ ಕೈ ಸೋಕದೆ ಚಪ್ಪರ ಎದ್ದಿತೆಂದರೆ ಅವನು ಸತ್ತಿರಬೇಕು, ಇಲ್ಲವೇ ಅವನನ್ನು ಬಿಟ್ಟಿರಬೇಕು. ನಾನು ಸತ್ತಿರಲಿಲ್ಲ. ಅಕ್ಕನ ಮನೆಗೆ ಫೋನ್ ಮಾಡಿದರೆ ಅದೂ ಬಾಯಿ ಬಿಡಲಿಲ್ಲ. ಬೇಕೆಂದೇ ತೆಗೆಯುತ್ತಿಲ್ಲ ಎಂದು ತೀರ್ಮಾನಿಸಿದೆ. ಸಂಕ್ರಾಂತಿಯಲ್ಲಿ ಭಾವನ ಹೊಸ ಮೀಸೆಯ ಬಗ್ಗೆ ಆಡಿದ್ದ ಒಂದು ಮಾತು ನೆನಪಾಗಿ, ಇದೆಲ್ಲ ಅದರದೇ ಸೇಡು ಅನ್ನಿಸಿತು. ಇನ್ನು ಆ ಹೊಸಿಲು ತುಳಿಯುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಎಲ್ಲರೂ ಲೊಚಗುಟ್ಟಿದರು. ಆ ಲೊಚಗುಟ್ಟುವಿಕೆಯಿಂದ ನನ್ನ ದುಃಖಕ್ಕೆ ಇನ್ನಷ್ಟು ರುಚಿ ಬಂತು.

ಪುಟ್ಟಸ್ವಾಮಿ ಮೇಷ್ಟ್ರು ಮಾತ್ರ ಕಿಟಕಿಯ ಹತ್ತಿರ ಕರೆದು, ದೂರದ ಗೋಪಾಲಸ್ವಾಮಿ ಬೆಟ್ಟ ತೋರಿಸಿದರು. ಅದರ ನೆತ್ತಿಯ ಮೇಲೆ ಬೆಳ್ಳಗೆ ಏನೋ ಹರಡಿತ್ತು. ಹೊಗೆಯೋ ಮಂಜೋ ಎಂದು ಕೇಳಿದರು. ಬೇಸಿಗೆಯಲ್ಲಿ ಆ ಕಾಡಿಗೆ ಬೆಂಕಿ ಬೀಳುವುದೂ ಉಂಟು, ಆ ಬೆಟ್ಟಕ್ಕೆ ಮಂಜು ಕವಿಯುವುದೂ ಉಂಟು. ಇಲ್ಲಿ ನಿಂತು ಹೇಗೆ ಹೇಳುವುದು ಮೇಷ್ಟ್ರೇ ಎಂದು ರೇಗಿದೆ.

"ಮತ್ತೆ ಕುದೇರಿಂದು ಹೇಗೆ ಹೇಳಿದ್ರಿ ನಾಗರಾಜು?" ಅಂದರು. "ಚಪ್ಪರ ಕಂಡಿದ್ದು ಮಾದೇಗೌಡ. ಮದುವೆ ಕಂಡಿದ್ದು ನೀವು."

ಅವರು ವರ್ಷವಿಡೀ ಪಾಠ ಮಾಡುತ್ತಿದ್ದದ್ದು ಇದನ್ನೇ ಅಂತೆ. ಕಣ್ಣಿಗೆ ಕಂಡದ್ದೆಷ್ಟು, ಅದಕ್ಕೆ ನಾವು ಸೇರಿಸಿದ್ದೆಷ್ಟು ಎಂದು ಬಿಡಿಸಿ ನೋಡುವುದು. ಕೋಪ ಇಳಿಯಿತು ಅನ್ನಲಾರೆ, ಆದರೆ ಅದಕ್ಕೆ ಕೂರಲು ಜಾಗ ಸಿಗಲಿಲ್ಲ. ಭಾನುವಾರ ಕುದೇರಿನ ಬಸ್ಸು ಹತ್ತಿದೆ.

ಚಪ್ಪರ ಇತ್ತು. ತೆಂಗಿನ ಗರಿ ಹೊದಿಸಿದ ಒಳ್ಳೇ ಚಪ್ಪರ. ಅದರ ಕೆಳಗೆ ಭಾವ ಹೊಸದಾಗಿ ತಂದಿದ್ದ ಸೀಮೆಹಸು ಮಹಾರಾಣಿಯ ಹಾಗೆ ಮಲಗಿ ಮೆಲುಕು ಹಾಕುತ್ತಿತ್ತು. ಅದಕ್ಕೆ ನಮ್ಮ ಬಿಸಿಲು ತಡೆಯುವುದಿಲ್ಲವಂತೆ. ತೋರಣ ಯುಗಾದಿಯದು, ಒಣಗಿ ಮುದುರಿಕೊಂಡಿತ್ತು. ಫೋನು ಹಬ್ಬಕ್ಕೆ ಮುಂಚೆಯೇ ಕೆಟ್ಟಿತ್ತು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, "ಅಬ್ಬುಕ್ಕೂ ಬರ್ನಿಲ್ವಲ್ಲೋ ನಾಗ. ಪ್ಯಾಟೆಯವ್ನಾದ ಮ್ಯಾಲೆ ಅಕ್ಕ ಬ್ಯಾಡ್ವಾಗೋದ್ಲು ಅಂದ್ಕೊಂಡೆ ಕಣ್ಲಾ" ಅಂದಳು. ಅವಳ ಕಣ್ಣು ತುಂಬಿತ್ತು. ಅವಳೂ ಇಲ್ಲಿ ತನ್ನದೇ ಒಂದು ಚಪ್ಪರ ಕಟ್ಟಿಕೊಂಡು ಕೊರಗುತ್ತಿದ್ದಳು. ನಾನು ಬಂದ ಕಾರಣದ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಹಸು ನೋಡಲು ಬಂದೆ ಎಂದೆ.

ಜಯಂತಿಯ ಮದುವೆ ಆದದ್ದು ಒಂದು ವರ್ಷ ಬಿಟ್ಟು. ಈ ಸಲ ಅಕ್ಕನೇ ಬಂದು ಕುಂಕುಮವಿಟ್ಟು ಕರೆದಳು. ನಾನು ಗರಿಗರಿ ಪಂಚೆ ಉಟ್ಟು, ಹಾರೆ ಹಿಡಿದು, ಊರಿನವರ ಮುಂದೆ ಗುಂಡಿ ತೋಡಲು ನಿಂತೆ. ಸೀಮೆಸುಣ್ಣ ಹಿಡಿದ ಕೈ. ಗಟ್ಟಿ ನೆಲ ಹಾರೆಯನ್ನು ವಾಪಸು ಕಳಿಸುತ್ತಿತ್ತು. ಸೋದರಮಾವನ ಯಾವ ಹಕ್ಕಿಗಾಗಿ ಒಡಹುಟ್ಟಿದವಳನ್ನೇ ಬಿಡಲು ಹೊರಟಿದ್ದೆನೋ, ಆ ಕೆಲಸ ನನಗೆ ಬರುತ್ತದೆಯೇ ಎಂದು ಅಂದಿನವರೆಗೂ ಯೋಚಿಸಿರಲಿಲ್ಲ. ಅಕ್ಕ ಹತ್ತಿರ ಬಂದು, "ನಿಂಗ್ ಬರಕಿಲ್ಲ ಅಂತ ನಂಗೊತ್ತು, ಬುಡು. ಮುಟ್ಕೊಂಡು ನಿಂತ್ಕೊ, ಸಾಕು" ಎಂದು ಪಿಸುಗುಟ್ಟಿದಳು. ಭಾವ ಗುಂಡಿ ತೋಡಿ, ಕಂಬ ಇಳಿಸಿ, ಮಣ್ಣು ತುಳಿದ. ನಾನು ಒಂದು ಕೈಯಿಂದ ಕಂಬ ಹಿಡಿದು ನಿಂತಿದ್ದೆ. ಫೋಟೋದವನು ಬಂದದ್ದು ಸರಿಯಾಗಿ ಆಗಲೇ. ಆ ಫೋಟೋ ಕಂಡವರೆಲ್ಲ, ಎಷ್ಟು ನೇರವಾಗಿ ಕಂಬ ನೆಟ್ಟಿದ್ದೀರಿ ಎಂದು ಇವತ್ತಿಗೂ ಹೊಗಳುತ್ತಾರೆ. ಅವರು ಕಂಡದ್ದೆಷ್ಟು, ಸೇರಿಸಿದ್ದೆಷ್ಟು ಎಂದು ಬಿಡಿಸಿ ಹೇಳುವ ವಿದ್ಯೆ ನನಗೀಗ ಚೆನ್ನಾಗಿಯೇ ಗೊತ್ತು. ಆದರೂ ಸುಮ್ಮನೆ ಕೈಮುಗಿಯುತ್ತೇನೆ.